ನೊಗ ಕಳಚಿದ ಗಾಲಿಗಳು

ಮಲೆನಾಡಿನಲ್ಲಿ ಹಳೆಯ ಜಿಪ್ಸಿ ಇಟ್ಟುಕೊಂಡವರ ಷೆಡ್ಡಿಗೆ ಹೋದರೆ ಗೋಡೆಯ ಮೇಲೊಮ್ಮೆ ಕಣ್ಣಾಡಿಸಿ. ಸವೆದ ಟೈರು, ಹರಿದ ಟಾರ್ಪಾಲು, ಸ್ಪ್ರೇಯರಿನ ತುಂಡು ಪೈಪುಗಳ ನಡುವೆ ದೊಡ್ಡ ಮೊಳೆಗೆ ಕಬ್ಬಿಣದ ಸರಳೊಂದು ನೇತುಬಿದ್ದಿರಬಹುದು. ಹೆಬ್ಬೆರಳ ದಪ್ಪ, ಗಾಡಿಯ ಅಗಲಕ್ಕೆ ತುಸು ಕಡಿಮೆ ಉದ್ದ, ಎರಡು ತುದಿಯಲ್ಲೂ ಬಾಗಿ ಚಾಚಿದ ತೋಳು. ಗೊತ್ತಿಲ್ಲದವರು ಹಳೆಯ ಗೇಟಿನ ಹಿಡಿ ಅಂದುಕೊಳ್ಳಬೇಕು. ಸಕಲೇಶಪುರದ ಆಚೆ ಕಾಫಿ ತೋಟವಿರುವ ನನ್ನ ಗೆಳೆಯನ ಮನೆಯಲ್ಲಿ ಅದರ ಮೇಲೆ ರೈನ್‌ಕೋಟ್ ಒಣಹಾಕುತ್ತಾರೆ.

‘ಇದು ಗಾಡೀದೇ ಸಾಮಾನು ಮಾರಾಯ’ ಅಂದ ಅವನು, ನಾನು ಮೊದಲ ಸಲ ಕೇಳಿದಾಗ. ಗಾಡಿಯದಾದರೆ ಗೋಡೆಯ ಮೇಲೇಕೆ ಎಂದೆ. ‘ಗಾಡಿ ಕೆಳಗೆ ಇದ್ರೆ ಹಳ್ಳ ದಾಟಲ್ಲ. ಗೋಡೆ ಮೇಲೆ ಇದ್ರೆ ಹಾಸನಕ್ಕೆ ಹೋಗೋಕಾಗಲ್ಲ.’ ಈ ಒಗಟನ್ನು ಬಿಡಿಸಲು ಹೊರಟಾಗ ಸಿಕ್ಕಿದ್ದೇ ಈ ಲೇಖನ.

ಕಾರು ಕಂಪನಿಗಳ ಕೈಪಿಡಿಯಲ್ಲಿ ಇದರ ಹೆಸರು ಸ್ಟೆಬಿಲೈಸರ್ ಬಾರ್. ರೇಸಿಂಗ್ ಮಂದಿಗೆ ಆಂಟಿ ರೋಲ್ ಬಾರ್, ಅಮೆರಿಕದವರಿಗೆ ಸ್ವೇ ಬಾರ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಸ್ಟೆಬ್ಲೈಜರ್ ರಾಡು’. ಕೆನಡಾದ ಫ್ರೆಡೆರಿಕ್ಟನ್ ಊರಿನ ಸ್ಟೀಫನ್ ಕೋಲ್‌ಮನ್ ಎಂಬವನಿಗೆ 1919ರಲ್ಲಿ ಇದರ ಮೊದಲ ಪೇಟೆಂಟ್ ಸಿಕ್ಕಿತು. ನೂರು ವರ್ಷ ದಾಟಿದರೂ ಅದರ ಸ್ವರೂಪ ಹೆಚ್ಚೇನೂ ಬದಲಾಗಿಲ್ಲ. ಅದು ಇಂದಿಗೂ ಬಾಗಿಸಿದ ಒಂದು ಉಕ್ಕಿನ ಸರಳೇ.

ಸರಳಿನ ನಡುಭಾಗವನ್ನು ಸಾಮಾನ್ಯವಾಗಿ ಎರಡು ರಬ್ಬರ್ ಬುಷ್‌ಗಳಲ್ಲಿ ಕೂರಿಸಿ ಚಾಸಿಗೆ ಕಟ್ಟುತ್ತಾರೆ. ಎಡ ತೋಳಿನ ತುದಿ ಎಡ ಗಾಲಿಯ ಕಡೆಗೆ, ಬಲ ತೋಳಿನದು ಬಲಕ್ಕೆ. ಎರಡೂ ಗಾಲಿ ಒಟ್ಟಿಗೆ ಹಂಪ್ ಹತ್ತಿದರೆ ಸರಳು ತನ್ನ ಬುಷ್‌ಗಳಲ್ಲಿ ಸುಮ್ಮನೆ ಉರುಳುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಒಂದು ಗಾಲಿ ಮೇಲೆ, ಇನ್ನೊಂದು ಕೆಳಗೆ ಆದಾಗ ಮಾತ್ರ ಅದಕ್ಕೆ ಕೆಲಸ. ಒದ್ದೆ ಪಂಚೆಯ ಎರಡು ತುದಿಯನ್ನು ಇಬ್ಬರು ಹಿಡಿದು ಹಿಂಡುವಂತೆ ಸರಳು ತಿರುಚಿಕೊಳ್ಳುತ್ತದೆ. ಉಕ್ಕಿಗೆ ತಿರುಚಿಕೊಂಡಿರಲು ಇಷ್ಟವಿಲ್ಲ, ಬಿಚ್ಚಿಕೊಳ್ಳಲು ನೋಡುತ್ತದೆ. ಆ ಹಟದಲ್ಲಿ ಮೇಲಿದ್ದದ್ದನ್ನು ಕೆಳಕ್ಕೂ ಕೆಳಗಿದ್ದದ್ದನ್ನು ಮೇಲಕ್ಕೂ ಒತ್ತುತ್ತದೆ. ಎರಡು ಎತ್ತಿನ ಹೆಗಲ ಮೇಲಿನ ನೊಗವನ್ನು ನೆನಪಿಸಿಕೊಳ್ಳಿ. ಒಂದು ಎತ್ತು ಬದುವಿನ ಮೇಲೆ ಕಾಲಿಟ್ಟರೆ ಇನ್ನೊಂದರ ಕುತ್ತಿಗೆಗೂ ಸುದ್ದಿ ಮುಟ್ಟುತ್ತದೆ. ಈ ಸರಳು ಗಾಲಿಗಳ ನೊಗ.

ತಿರುವಿನಲ್ಲಿ ಈ ನೊಗ ಬಹಳ ಒಳ್ಳೆಯದು. ಗಾಡಿ ಎಡಕ್ಕೆ ತಿರುಗಿದಾಗ ಮೈ ಬಲಕ್ಕೆ ವಾಲುತ್ತದೆ, ಬಲಗಡೆಯ ಸ್ಪ್ರಿಂಗ್ ಕುಗ್ಗುತ್ತದೆ, ಎಡಗಡೆಯದು ಹಿಗ್ಗುತ್ತದೆ. ಸರಳು ಇದನ್ನು ಒಪ್ಪುವುದಿಲ್ಲ. ವಾಲುವಿಕೆ ಕಡಿಮೆಯಾಗುತ್ತದೆ. ಇದರ ಬಲ ದಪ್ಪದಲ್ಲಿದೆ, ಅದೂ ವಿಪರೀತವಾಗಿ: ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬಿಗುವು ಏರುತ್ತದೆ. 20 ಮಿಲಿಮೀಟರಿನ ಸರಳು ತೆಗೆದು 22ರದ್ದು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಬಿಗುವು ಮಾತ್ರ ಶೇ 46ರಷ್ಟು ಹೆಚ್ಚಿರುತ್ತದೆ. ಉಗುರಿನಷ್ಟು ದಪ್ಪದಲ್ಲಿ ಗಾಡಿಯ ಸ್ವಭಾವವೇ ಬದಲಾಗುವಂಥ ಭಾಗ ಗಾಡಿಯಲ್ಲಿ ಇನ್ನೊಂದು ಸಿಗುವುದು ಕಷ್ಟ.

ಈಗ ಅದೇ ಗಾಡಿಯನ್ನು ತೋಟದ ಹಳ್ಳಕ್ಕೆ ಇಳಿಸೋಣ.

ಮಳೆಗಾಲ ಮುಗಿದ ಮೇಲೆ ತೋಟದ ದಾರಿಗಳಲ್ಲಿ ನೀರು ಓರೆಯಾಗಿ ಕೊರೆದ ಕಾಲುವೆಗಳಿರುತ್ತವೆ. ಓರೆಯಾಗಿ ಎಂಬುದೇ ಮುಖ್ಯ. ಮುಂದಿನ ಎಡಗಾಲಿ ದಿಬ್ಬ ಹತ್ತುವ ಹೊತ್ತಿಗೆ ಮುಂದಿನ ಬಲಗಾಲಿ ಗುಂಡಿಗೆ ಇಳಿಯಬೇಕು. ಹಿಂದೆ ಇದರ ತಿರುವುಮುರುವು. ಸರಳು ಇದ್ದರೆ ಗುಂಡಿಗೆ ಇಳಿಯಬೇಕಾದ ಗಾಲಿಯನ್ನು ಅದು ಮೇಲಕ್ಕೆಳೆಯುತ್ತದೆ. ಗಾಲಿ ಗಾಳಿಯಲ್ಲಿ. ಇಲ್ಲಿ ಡಿಫರೆನ್ಷಿಯಲ್ ಎಂಬ ಇನ್ನೊಬ್ಬ ಸಮಾನತಾವಾದಿ ಬರುತ್ತಾನೆ. ಸಾದಾ ಡಿಫರೆನ್ಷಿಯಲ್ ಎರಡೂ ಗಾಲಿಗೆ ಸಮ ಬಲ ಹಂಚುತ್ತದೆ. ಗಾಳಿಯಲ್ಲಿರುವ ಗಾಲಿಯನ್ನು ತಿರುಗಿಸಲು ಬೇಕಾದ ಬಲ ಹೆಚ್ಚುಕಮ್ಮಿ ಸೊನ್ನೆ. ಆದ್ದರಿಂದ ನೆಲದ ಮೇಲಿರುವ ಗಾಲಿಗೂ ಸಿಗುವುದು ಸೊನ್ನೆ. ಒಂದು ಗಾಲಿ ಗಿರಗಿರ ತಿರುಗುತ್ತದೆ, ಇನ್ನೊಂದು ಕಲ್ಲಿನಂತೆ ಕೂತಿರುತ್ತದೆ. ಮುಂದೊಂದು ಹಿಂದೊಂದು, ಮೂಲೆಮೂಲೆಯ ಎರಡು ಗಾಲಿ ಹೀಗೆ ಎದ್ದರೆ ಫೋರ್ ವೀಲ್ ಡ್ರೈವ್ ಇದ್ದೂ ಇಲ್ಲದಂತೆ. ಹೆಂಗಸರು ಮಕ್ಕಳು ಇಳಿದು ನಡೆಯಲು ಶುರುಮಾಡುವುದು ಆಗಲೇ.

ನೊಗ ಕಳಚಿದರೆ ಗಾಲಿಗಳು ಸ್ವತಂತ್ರ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ, ನಾಲ್ಕೂ ನೆಲ ಹಿಡಿದಿರುತ್ತವೆ. ಆಫ್‌ರೋಡ್ ಮಂದಿ ಇದನ್ನು ‘ಫ್ಲೆಕ್ಸ್’ ಅನ್ನುತ್ತಾರೆ. ಒಳಗೆ ಕೂತವರಿಗೂ ಸುಖ: ಗಾಡಿಯ ಮೈ ಕಡಿಮೆ ಹೊಯ್ದಾಡುತ್ತದೆ, ತಲೆ ಕಿಟಕಿಗೆ ಬಡಿಯುವುದು ತಪ್ಪುತ್ತದೆ. ಜೊತೆಗೆ ಇದು ಪುಕ್ಕಟೆ. ಡಿಫರೆನ್ಷಿಯಲ್ಲಿಗೆ ಬೀಗ ಜಡಿಯುವ ಲಾಕರ್ ಹಾಕಿಸಲು ಹತ್ತಾರು ಸಾವಿರ ಬೇಕು. ಸರಳು ಬಿಚ್ಚಲು ಎರಡು ಸ್ಪ್ಯಾನರು, ಒಂದಿಷ್ಟು ಎಣ್ಣೆ, ಮಣ್ಣಲ್ಲಿ ಬೆನ್ನು ಹಾಕುವ ಮನಸ್ಸು ಸಾಕು. ಚಿಕ್ಕ ಫೋರ್ ವೀಲ್ ಡ್ರೈವ್ ಕೊಂಡವನು ಮಾಡುವ ಮೊದಲ ‘ಮಾಡಿಫಿಕೇಷನ್’ ಬಹಳ ಸಲ ಇದೇ ಆಗಿರುವುದು ಅದಕ್ಕೇ. ಸೇರಿಸುವ ಮೊದಲು ತೆಗೆಯುವುದು. ನಮ್ಮ ಸ್ವಭಾವಕ್ಕೆ ಒಗ್ಗುವ ಮಾತು.

ಗೆಳೆಯ ಅದನ್ನೇ ಮಾಡಿದ್ದ. ಮಾಡಿ ಮರೆತಿದ್ದ. ತೋಟದೊಳಗೆ ಎರಡು ವರ್ಷ ಗಾಡಿ ಆಡಿನಂತೆ ಹತ್ತಿಳಿಯಿತು. ಆಮೇಲೊಂದು ದಿನ ಅದೇ ಗಾಡಿಯಲ್ಲಿ ಹೆದ್ದಾರಿಗೆ ಬಂದ. ಎಪ್ಪತ್ತರ ಆಸುಪಾಸಿನ ವೇಗ, ಎದುರಿಗೆ ಒಂದು ನಾಯಿ. ಬಲಕ್ಕೆಳೆದು ಎಡಕ್ಕೆ ತಂದ. ಎಡಕ್ಕೆ ತಂದಾಗ ಗಾಡಿಯ ಹಿಂಭಾಗ ಎಡಕ್ಕೆ ಬರುವ ಬದಲು ತನ್ನಷ್ಟಕ್ಕೆ ಬಲಕ್ಕೆ ಹೊರಟಿತು. ಏನೂ ಆಗಲಿಲ್ಲ, ನಾಯಿಗೂ ಆಗಲಿಲ್ಲ. ಮುಂದಿನ ಹೋಟೆಲಿನಲ್ಲಿ ಅರ್ಧ ಗಂಟೆ ಕೂತಿದ್ದನಂತೆ, ಕಾಫಿ ಬೆಳೆಯುವವನು ಎರಡು ಟೀ ಕುಡಿದು.

ಅವನಿಗೆ ಆದದ್ದು ಏನು? ‘ಗಾಡಿ ಜಾಸ್ತಿ ವಾಲಿತು’ ಎಂಬುದು ಅರ್ಧ ಉತ್ತರ. ವಾಲುವುದು ಕಣ್ಣಿಗೆ ಕಾಣುತ್ತದೆ, ಹೊಟ್ಟೆಗೆ ತಿಳಿಯುತ್ತದೆ. ಕಾಣದ್ದು ಬೇರೆ ಇದೆ. ತಿರುವಿನಲ್ಲಿ ಒಳಗಿನ ಗಾಲಿಗಳಿಂದ ಹೊರಗಿನ ಗಾಲಿಗಳಿಗೆ ಸಾಗುವ ಒಟ್ಟು ತೂಕವನ್ನು ಈ ಸರಳು ಹೆಚ್ಚೇನೂ ಬದಲಿಸುವುದಿಲ್ಲ. ಅದು ಗಾಡಿಯ ತೂಕ, ಎತ್ತರ, ಅಗಲಗಳ ಲೆಕ್ಕ. ಸರಳು ತೀರ್ಮಾನಿಸುವುದು ಆ ತೂಕದಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು. ಜಿಪ್ಸಿಯಂಥ ಗಾಡಿಗೆ ಸರಳು ಇರುವುದು ಮುಂದೆ. ಅದು ಇದ್ದಾಗ ಮುಂದಿನ ಹೊರಗಾಲಿ ಹೆಚ್ಚು ಹೊರೆ ಹೊರುತ್ತದೆ, ಮಿತಿ ಮೀರಿದರೆ ಮೊದಲು ಜಾರುವುದು ಮುಂಭಾಗ. ಗಾಡಿ ನೇರಕ್ಕೆ ಹೋಗಲು ನೋಡುತ್ತದೆ. ಯಾವ ಚಾಲಕನೂ ಹೆದರಿ ಆಕ್ಸಿಲರೇಟರ್ ಬಿಡುತ್ತಾನೆ, ಅಷ್ಟಕ್ಕೆ ಸರಿಹೋಗುತ್ತದೆ. ಕಂಪನಿಯವರು ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಮುಂದಿನ ಸರಳು ತೆಗೆದರೆ ಮುಂಭಾಗ ಹಗುರಾಗಿ ತಿರುಗುತ್ತದೆ, ಸ್ಟೀರಿಂಗ್ ‘ಚುರುಕಾಯಿತು’ ಅನಿಸುತ್ತದೆ, ಹೊರೆ ಹಿಂದಿನ ಹೊರಗಾಲಿಗೆ ಹೋಗುತ್ತದೆ. ಈಗ ಮೊದಲು ಜಾರುವುದು ಹಿಂಭಾಗ. ಹೆದರಿ ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಜಾರುತ್ತದೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಅಂತರ ಕಡಿಮೆ ಇರುವ ಪುಟ್ಟ ಗಾಡಿ ಬುಗುರಿಯಂತೆ ಬೇಗ ತಿರುಗುತ್ತದೆ, ಚಾಲಕನಿಗೆ ಯೋಚನೆಗೆ ಸಮಯ ಕೊಡುವುದಿಲ್ಲ.

ತೋಟದಲ್ಲಿ ಎರಡು ವರ್ಷ ಏನೂ ಆಗದಿದ್ದದ್ದು ಹೇಗೆ? ವೇಗ. ತಿರುವಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30 ಮೀಟರ್ ತ್ರಿಜ್ಯದ ಒಂದು ತಿರುವನ್ನು 10 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ ಗಾಡಿಯನ್ನು ಹೊರಕ್ಕೆ ನೂಕುವ ಬಲ ಅದರ ತೂಕದ ಸುಮಾರು ನಲವತ್ತರಲ್ಲಿ ಒಂದು ಪಾಲು ಅನ್ನಬಹುದು. ಅದೇ ತಿರುವು 40ರ ವೇಗದಲ್ಲಿ ಹದಿನಾರು ಪಟ್ಟು, ತೂಕದ ಶೇ 40 ದಾಟುತ್ತದೆ. ಹಳ್ಳದಲ್ಲಿ ಸರಳು ನಿರುದ್ಯೋಗಿ, ಘಾಟಿಯಲ್ಲಿ ಕಾವಲುಗಾರ. ಎರಡು ಲೋಕಗಳ ನಡುವೆ ಒಂದೇ ಗಾಡಿ ಓಡಾಡುವುದರಿಂದಲೇ ಸಮಸ್ಯೆ.

ಜಿಪ್ಸಿಯಂಥ ಪುಟ್ಟ ಸುಜುಕಿಗಳ ಎತ್ತರ, ಅಗಲ, ವಾಲಾಟದ ವಿಷಯ ಒಮ್ಮೆ ಅಮೆರಿಕದಲ್ಲಿ ಕೋರ್ಟು ಹತ್ತಿ ಎಂಟು ವರ್ಷ ನಡೆದಿದೆ. ನಮ್ಮ ಜಿಪ್ಸಿಯ ಒಡಹುಟ್ಟು ಅಲ್ಲಿ ಸಮುರಾಯ್ ಎಂಬ ಹೆಸರಿನಲ್ಲಿ 1985ರ ಕೊನೆಗೆ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಮಾರುತಿ ಜಿಪ್ಸಿ ಬಂದದ್ದೂ ಆ ಡಿಸೆಂಬರಿನಲ್ಲೇ. ಅಲ್ಲಿ ಅದು ರೈತರ, ಬೇಟೆಗಾರರ ಗಾಡಿಯಾಗಲಿಲ್ಲ. ಕಡಲ ದಂಡೆಗೆ ಹೋಗುವ ಹುಡುಗರ ಅಗ್ಗದ ಮೋಜಿನ ಗಾಡಿಯಾಯಿತು. 1988ರ ಜೂನ್‌ನಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಅದನ್ನು ಸ್ವೀಕಾರಾರ್ಹವಲ್ಲ ಎಂದು ಘೋಷಿಸಿತು. ಅಡ್ಡಬಂದ ವಸ್ತುವನ್ನು ತಪ್ಪಿಸುವಂಥ ತಿರುವಿನಲ್ಲಿ, ಗೆಳೆಯ ನಾಯಿಯನ್ನು ತಪ್ಪಿಸಿದ ಥರದ್ದೇ ತಿರುವಿನಲ್ಲಿ, ಗಾಡಿ ಎರಡು ಗಾಲಿಯ ಮೇಲೆ ನಿಲ್ಲುವ ಚಿತ್ರ ಟಿವಿಗಳಲ್ಲಿ ಬಂತು. ಮಾರಾಟ ಕುಸಿಯಿತು.

ಅದೇ ವರ್ಷ ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಸಮುರಾಯ್‌ಯನ್ನು ದೋಷಯುಕ್ತ ಎಂದು ಸಾರಬೇಕೆಂಬ ಅರ್ಜಿಯನ್ನು ತಳ್ಳಿಹಾಕಿತು. 1996ರಲ್ಲಿ ಸುಜುಕಿ ಪತ್ರಿಕೆಯ ಮೇಲೆ ದಾವೆ ಹೂಡಿತು. ಮೊದಲಿನ ಪಥದಲ್ಲಿ ಗಾಡಿ ಮಗುಚಲಿಲ್ಲವೆಂದು ಪಥವನ್ನೇ ಬದಲಿಸಿ ಪರೀಕ್ಷೆ ಮಾಡಿದರು ಎಂಬುದು ಅದರ ಆರೋಪ. ಕೆಳಗಿನ ಕೋರ್ಟು ದಾವೆ ವಜಾ ಮಾಡಿತು, ಮೇಲಿನದು ಜೀವ ಕೊಟ್ಟಿತು, ಕೊನೆಗೆ 2004ರ ಜುಲೈನಲ್ಲಿ ಹಣದ ಮಾತಿಲ್ಲದೆ ರಾಜಿಯಾಯಿತು. ಸಮುರಾಯ್ ಸುಲಭವಾಗಿ ಮಗುಚುತ್ತದೆ ಎಂದು ತಾನು ಹೇಳಿದ್ದು ದಿನನಿತ್ಯದ ಚಾಲನೆಯ ಬಗ್ಗೆ ಅಲ್ಲ ಎಂದು ಪತ್ರಿಕೆಯ ಕಡೆಯವರು ಸ್ಪಷ್ಟೀಕರಣ ಕೊಟ್ಟರು. ಅಷ್ಟರಲ್ಲಿ ಸಮುರಾಯ್ ಅಮೆರಿಕದ ಮಾರುಕಟ್ಟೆ ಬಿಟ್ಟು ಒಂಬತ್ತು ವರ್ಷವಾಗಿತ್ತು. ಗೆದ್ದವರು ಯಾರು ಎಂಬುದನ್ನು ಇಂದಿಗೂ ಎರಡೂ ಕಡೆಯ ಅಭಿಮಾನಿಗಳು ತಮತಮಗೆ ಬೇಕಾದ ಹಾಗೆ ಹೇಳಿಕೊಳ್ಳುತ್ತಾರೆ.

ನನಗೆ ಈ ಕಥೆಯಲ್ಲಿ ಕುತೂಹಲ ಹುಟ್ಟಿಸಿದ್ದು ಕೋರ್ಟಿನ ಭಾಗವಲ್ಲ. ವಿವಾದ ಎದ್ದ ಆ 1988ರ ನಡುವಿನಲ್ಲೇ ಸುಜುಕಿ ಅಮೆರಿಕದ ಸಮುರಾಯ್‌ನ ಸಸ್ಪೆನ್ಷನ್ನನ್ನು ತಿದ್ದಿತ್ತು. ಸ್ಪ್ರಿಂಗನ್ನು ಮೆದು ಮಾಡಿ ಸ್ವೇ ಬಾರನ್ನು ದಪ್ಪ ಮಾಡಿತ್ತು. ಮೆದು ಸ್ಪ್ರಿಂಗಿನಿಂದ ಸುಖ, ದಪ್ಪ ಸರಳಿನಿಂದ ವಾಲಾಟಕ್ಕೆ ಕಡಿವಾಣ. ಅಂದರೆ ಸುಖಕ್ಕಾಗಿ ಸ್ಪ್ರಿಂಗು ಬಿಟ್ಟುಕೊಟ್ಟದ್ದನ್ನು ಸರಳು ಸಾಲ ಕೊಟ್ಟು ತುಂಬಿತ್ತು. ಅಂಥ ಗಾಡಿಯಿಂದ ಸರಳು ಬಿಚ್ಚುವವನು ಸಾಲ ಕೊಟ್ಟವನನ್ನೇ ಮನೆಯಿಂದ ಹೊರಗೆ ಹಾಕಿದಂತೆ.

‘ಹಳೇ ಜೀಪಿಗೆ ಇದೆಲ್ಲ ಎಲ್ಲಿತ್ತು?’ ಎಂಬ ವಾದಕ್ಕೂ ಉತ್ತರ ಇಲ್ಲೇ ಇದೆ. ನಿಜ, ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಸ್ವೇ ಬಾರ್ ಇರಲಿಲ್ಲ. ಆದರೆ ಅದರ ಕಮಾನು ಪಟ್ಟಿಗಳು ಎಷ್ಟು ಗಡಸು ಎಂದರೆ ವಾಲಲು ಅವೇ ಬಿಡುತ್ತಿರಲಿಲ್ಲ. ಪ್ಲೇಟಿನ ಮೇಲೆ ಪ್ಲೇಟು ಕಟ್ಟಿದ ಪಟ್ಟಿ ಮೇಲೆಕೆಳಗೆ ಆಡುವುದಕ್ಕಷ್ಟೇ ಅಲ್ಲ, ತಿರುಚಿಕೊಳ್ಳುವುದಕ್ಕೂ ಅಡ್ಡಿ ಮಾಡುತ್ತದೆ. ಅರೆಪಾಲು ಸ್ವೇ ಬಾರ್ ಅದರ ಹೊಟ್ಟೆಯಲ್ಲೇ ಇದೆ. ಕೊಡಚಾದ್ರಿಗೆ ಜೀಪಿನಲ್ಲಿ ಹತ್ತಿದವರ ಸೊಂಟವನ್ನು ಕೇಳಿ ನೋಡಿ, ಗಡಸು ಪಟ್ಟಿ ಎಂದರೆ ಏನೆಂದು ಅದು ಹೇಳುತ್ತದೆ. ಅಲ್ಲಿನ ಚಾಲಕರು ಎಂಟು ಹತ್ತು ಜನರನ್ನು ತುಂಬಿಕೊಂಡು ಆ ಕಲ್ಲುದಾರಿ ಹತ್ತುವುದು ಫ್ಲೆಕ್ಸಿನಿಂದಲ್ಲ. ಯಾವ ಕಲ್ಲಿಗೆ ಯಾವ ಗಾಲಿ ಕೊಡಬೇಕೆಂಬ ಲೆಕ್ಕದಿಂದ.

ಇದೇ ಕಾರಣಕ್ಕೆ ಕಂಪನಿಯ ಪಟ್ಟಿಗಳೇ ಇರುವ ಜಿಪ್ಸಿಯಲ್ಲಿ ಸರಳು ಬಿಚ್ಚಿದರೆ ಸಿಗುವ ಲಾಭ ಜನ ಹೇಳಿಕೊಳ್ಳುವಷ್ಟು ದೊಡ್ಡದಲ್ಲ ಎಂಬುದು ನನ್ನ ಅನುಮಾನ. ಗಾಲಿ ಇಳಿಯಲು ಸರಳು ಬಿಟ್ಟರೂ ಪಟ್ಟಿ ಬಿಡಬೇಕು, ಶಾಕ್ ಅಬ್ಸಾರ್ಬರಿನ ಉದ್ದ ಬಿಡಬೇಕು. ಶಾಕ್ ಪೂರ್ತಿ ಚಾಚಿದ ಮೇಲೆ ಇನ್ನು ಯಾವ ಸರಳು ಬಿಚ್ಚಿದರೂ ಗಾಲಿ ಇಳಿಯದು. ಮೂರು ಬೀಗದ ಬಾಗಿಲಲ್ಲಿ ಒಂದು ಬೀಗ ತೆಗೆದು ಬಾಗಿಲು ತೆರೆಯಿತು ಎಂದು ಹಿಗ್ಗುವವರೇ ಹೆಚ್ಚು. ಕಾಯಿಲ್ ಸ್ಪ್ರಿಂಗಿನ ಗಾಡಿಗಳ ಕಥೆ ಬೇರೆ. 2023ರ ಜೂನ್‌ನಲ್ಲಿ ನಮ್ಮಲ್ಲಿ ಬಂದ ಐದು ಬಾಗಿಲಿನ ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ಲು, ಕಾಯಿಲ್ ಸ್ಪ್ರಿಂಗು. ಅಲ್ಲಿ ಮುಂದಿನ ಸರಳು ಬಿಚ್ಚಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹೊಸ ಥಾರ್‌ಗೆ ಸರಳು ಹಿಂದೆಯೂ ಇದೆ, ಮುಂದೆಯೂ ಇದೆ. ಅದರ ಮುಂಭಾಗ ಇಂಡಿಪೆಂಡೆಂಟ್ ಆದ್ದರಿಂದ ಗಾಲಿಯ ಓಡಾಟವನ್ನು ವಿಶ್‌ಬೋನ್ ತೋಳುಗಳೇ ಕಟ್ಟಿಹಾಕಿರುತ್ತವೆ. ಅಲ್ಲಿ ಮುಂದಿನ ಸರಳಿಗಿಂತ ಗಟ್ಟಿ ಆಕ್ಸಲ್ಲಿರುವ ಹಿಂಭಾಗದ ಸರಳು ಬಿಚ್ಚುವುದರಿಂದ ಹೆಚ್ಚು ಫಲ. ಒಂದು ಗಾಡಿಯ ಉಪಾಯವನ್ನು ಇನ್ನೊಂದಕ್ಕೆ ಹಾಗೇ ತಗುಲಿಸಲು ಬರುವುದಿಲ್ಲ.

ನಿಜವಾಗಿ ಹೆದರಬೇಕಾದದ್ದು ಸರಳು ಬಿಚ್ಚಿದ್ದಕ್ಕಲ್ಲ, ಬಿಚ್ಚಿ ಅದರ ಮೇಲೆ ಗಾಡಿಯ ಮೈ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದ್ದಕ್ಕೆ. ಹುಲ್ಲು ತುಂಬಿದ ಎತ್ತಿನ ಗಾಡಿ ನೋಡಿದವರಿಗೆ ಲೆಕ್ಕ ಬೇಕಿಲ್ಲ: ಹೊರೆ ಎತ್ತರವಾದಷ್ಟೂ, ಗಾಲಿಗಳ ನಡುವಿನ ಅಗಲ ಕಡಿಮೆಯಾದಷ್ಟೂ ಮಗುಚುವುದು ಸಲೀಸು. ಅಮೆರಿಕದ ಸುರಕ್ಷತಾ ಸಂಸ್ಥೆ 2001ರಿಂದ ಗಾಡಿಗಳಿಗೆ ಮಗುಚುವ ಅಪಾಯದ ನಕ್ಷತ್ರ ಕೊಡಲು ಹಿಡಿದದ್ದೂ ಇದೇ ಅಳತೆಯನ್ನು. ಗಾಲಿಗಳ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು, ಅಷ್ಟೇ. ಸಾಮಾನ್ಯ ಕಾರುಗಳಿಗೆ 1.3ರಿಂದ 1.5 ಬರುತ್ತದೆ, ಎಸ್‌ಯುವಿಗಳಿಗೆ 1ರಿಂದ 1.3.

ಉದಾಹರಣೆಗೆ ಒಂದು ಗಾಡಿಯ ಗಾಲಿಗಳ ಅಗಲ 1.3 ಮೀಟರ್, ಗುರುತ್ವ ಕೇಂದ್ರ ನೆಲದಿಂದ 65 ಸೆಂಟಿಮೀಟರ್ ಎಂದುಕೊಳ್ಳಿ. ಅಂಕ ಸರಿಯಾಗಿ 1. ಪಕ್ಕಕ್ಕೆ 45 ಡಿಗ್ರಿ ಓರೆಯಾಗುವವರೆಗೆ ಅದು, ಕಾಗದದ ಮೇಲಾದರೂ, ಮಗುಚದು. ಈಗ ಎರಡಿಂಚು, ಅಂದರೆ 5 ಸೆಂಟಿಮೀಟರ್ ಎತ್ತರಿಸಿ. ಸರಳು ಬಿಚ್ಚಿದ್ದರಿಂದ ಇಳಿಜಾರಿನ ಕಡೆಗೆ ಮೈ ವಾಲಿ, ತೂಕದ ಕೇಂದ್ರ ಇನ್ನೊಂದು 5 ಸೆಂಟಿಮೀಟರ್ ಆಚೆ ಸರಿಯಿತು ಅನ್ನಿ. ಅಂಕ 0.86ಕ್ಕೆ ಇಳಿಯಿತು, ಮಗುಚುವ ಕೋನ 40ರ ಹತ್ತಿರ ಬಂತು. ಇದು ನಿಂತ ಗಾಡಿಯ ಲೆಕ್ಕ. ಅದರ ಮೇಲೆ ರೂಫ್ ರ‍್ಯಾಕು, ರ‍್ಯಾಕಿನ ಮೇಲೆ ಸ್ಟೆಪ್ನಿ, ಎರಡು ಡೀಸೆಲ್ ಕ್ಯಾನು, ಒಂದು ಡೇರೆ. ಫೋಟೋಗೆ ಚೆನ್ನಾಗಿರುತ್ತದೆ.

ಹಳ್ಳದಲ್ಲಿ ಗಾಡಿಯ ಮೈ ಸಮತಟ್ಟಾಗಿಡುವ ಅದೇ ಉಪಾಯ ಗುಡ್ಡದ ಅಡ್ಡ ಇಳಿಜಾರಿನಲ್ಲಿ ತಿರುಗಿಬೀಳುತ್ತದೆ. ಅಡ್ಡ ಇಳಿಜಾರಿನಲ್ಲಿ ಎರಡೂ ಆಕ್ಸಲ್ಲು ಒಂದೇ ಕಡೆಗೆ ಓರೆ. ಫ್ಲೆಕ್ಸಿನ ಅಗತ್ಯವೇ ಇಲ್ಲ, ವಾಲದಂತೆ ಹಿಡಿಯುವ ಕೈ ಮಾತ್ರ ಬೇಕು. ಆ ಕೈಯನ್ನು ಮನೆಯ ಗೋಡೆಗೆ ನೇತುಹಾಕಿ ಬಂದಿರುತ್ತೇವೆ. ಆಫ್‌ರೋಡ್ ಎಂದರೆ ಒಂದೇ ಥರದ ದಾರಿ ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಎತ್ತರದ ಈ ಲೆಕ್ಕ ಮಾರುತಿಗೂ ತಿಳಿದಿತ್ತು. 1993ರಲ್ಲಿ ಜಿಪ್ಸಿಯ ಗಾಲಿಗಳ ಅಗಲವನ್ನು 90 ಮಿಲಿಮೀಟರ್ ಹೆಚ್ಚಿಸಿ ಮುಂದೆ 1300, ಹಿಂದೆ 1310 ಮಿಲಿಮೀಟರಿಗೆ ತಂದರು. ಹಳಬರು ಇಂದಿಗೂ ‘ವೈಡ್ ಟ್ರ್ಯಾಕ್’ ಎಂದು ಕೇಳಿ ಕೊಳ್ಳುವುದು ಈ ನಾಲ್ಕು ಬೆರಳಗಲಕ್ಕೇ. ಈಗಿನ ಜಿಮ್ನಿಯದು ಮುಂದೆ 1395, ಹಿಂದೆ 1405.

ಬಿಚ್ಚುವ ವಿಧಾನದಲ್ಲೂ ಎಡವಟ್ಟುಗಳಿವೆ. ಒಂದೇ ತುದಿ ಬಿಚ್ಚಿದರೂ ಸರಳು ಕೆಲಸ ನಿಲ್ಲಿಸುತ್ತದೆ ಎಂಬುದು ಸರಿ. ಆದರೆ ಜೋತುಬಿದ್ದ ತೋಳು ಟೈರಿಗೋ, ಸ್ಟೀರಿಂಗ್ ರಾಡಿಗೋ, ಬ್ರೇಕ್ ಪೈಪಿಗೋ ತಾಗುವುದು ಯಾವ ತಿರುವಿನಲ್ಲಿ ಎಂದು ಹೇಳಲಾಗದು. ಇನ್ನು ಗಾಲಿ ಮೊದಲಿಗಿಂತ ಕೆಳಗೆ ಇಳಿಯಲು ಶುರುಮಾಡಿದರೆ ಕಂಪನಿಯವರು ಊಹಿಸದ ಜಾಗಕ್ಕೆ ಅದು ಹೋಗುತ್ತದೆ. ಬ್ರೇಕಿನ ರಬ್ಬರ್ ಹೋಸು ತಂತಿಯಂತೆ ಬಿಗಿಯುತ್ತದೆ. ಸಡಿಲಾದ ಕಾಯಿಲ್ ಸ್ಪ್ರಿಂಗು ತನ್ನ ಪೀಠದಿಂದ ಜಾರಬಹುದು. ತಿಳಿದವರು ಸರಳು ಬಿಚ್ಚಿದ ದಿನವೇ ಗಾಡಿಯನ್ನು ಒಂದು ಮೂಲೆಯಲ್ಲಿ ಜ್ಯಾಕ್ ಹಾಕಿ ಎತ್ತಿ, ನೇತಾಡುವ ಗಾಲಿಯ ಹಿಂದೆ ಟಾರ್ಚು ಬಿಟ್ಟು ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ಮಾಡುವವರು ಕಡಿಮೆ.

ದುಡ್ಡಿರುವ ಕಂಪನಿಗಳು ಈ ಒಗಟನ್ನು ಬಿಡಿಸಿ ಬಹಳ ಕಾಲವಾಯಿತು. 2007ರ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಮುಂದಿನ ಸರಳನ್ನು ನಡುವೆ ಎರಡು ತುಂಡು ಮಾಡಿ, ಮಧ್ಯೆ ವಿದ್ಯುತ್ ಮೋಟರಿನ ಕ್ಲಚ್ಚು ಇಟ್ಟರು. ಫೋರ್ ವೀಲ್ ಡ್ರೈವ್‌ನಲ್ಲಿದ್ದಾಗ ಗುಂಡಿ ಒತ್ತಿದರೆ ನೊಗ ಕಳಚುತ್ತದೆ, ವೇಗ ಗಂಟೆಗೆ ಸುಮಾರು 29 ಕಿಲೋಮೀಟರ್ ದಾಟಿದರೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಚಾಲಕ ಮರೆಯುತ್ತಾನೆ ಎಂಬುದನ್ನು ಎಂಜಿನಿಯರುಗಳು ಮೊದಲೇ ಒಪ್ಪಿಕೊಂಡದ್ದು ನನಗೆ ಹಿಡಿಸಿತು. ಆಸ್ಟ್ರೇಲಿಯಾದ ಕೈನೆಟಿಕ್ ಎಂಬ ಕಂಪನಿಯ ತಂತ್ರವನ್ನು ಬಳಸಿ ಟೊಯೊಟಾ ಹಿಂದು ಮುಂದಿನ ಸರಳುಗಳನ್ನು ಎಣ್ಣೆಯ ಸಿಲಿಂಡರುಗಳಿಂದ ಜೋಡಿಸಿತು. ರಸ್ತೆಯಲ್ಲಿ ಬಿಗಿ, ಕಲ್ಲಿನ ಮೇಲೆ ಸಡಿಲ. ಗುಂಡಿ ಒತ್ತುವ ಗೊಡವೆಯೂ ಇಲ್ಲ. ಹೊಸ ಫೋರ್ಡ್ ಬ್ರಾಂಕೋದಲ್ಲಿ ಗಾಡಿ ಹಳ್ಳದಲ್ಲಿ ತಿರುಚಿಕೊಂಡು ನಿಂತಾಗಲೂ ಸರಳು ಕಳಚಬಹುದು.

ಚಿಕ್ಕ ಗಾಡಿಗೆ ಇಷ್ಟೆಲ್ಲ ಕೊಟ್ಟರೆ ಅದು ಚಿಕ್ಕ ಬೆಲೆಯ ಗಾಡಿಯಾಗಿ ಉಳಿಯುವುದಿಲ್ಲ. ಜಿಮ್ನಿಯವರು ಬೇರೆ ದಾರಿ ಹಿಡಿದರು. ಸರಳು ಹಾಗೇ ಇರಲಿ, ಗಾಲಿ ಗಾಳಿಯಲ್ಲಿ ನಿಂತರೂ ನಿಲ್ಲಲಿ. ಆ ಗಾಲಿಗೆ ಮಾತ್ರ ಬ್ರೇಕು ಹಾಕಿಬಿಟ್ಟರೆ ಡಿಫರೆನ್ಷಿಯಲ್ ನೆಲದ ಗಾಲಿಗೂ ಬಲ ಕೊಡಲೇಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲ್ಲನ್ನೇ ಬೀಗ ಹಾಕುವ ವ್ಯವಸ್ಥೆ ಇದೆ. ಎರಡೂ, ಸರಳನ್ನು ಮುಟ್ಟದೆ ಹಳ್ಳ ದಾಟಿಸುವ ಉಪಾಯಗಳು. ಅದಕ್ಕೇ ಹಳೆಯ ಜಿಪ್ಸಿಯ ಗುರುಗಳ ಮಾತು ಕೇಳಿ ಹೊಸ ಗಾಡಿಯ ಸರಳು ಬಿಚ್ಚುವವರನ್ನು ಕಂಡರೆ ಸ್ವಲ್ಪ ನಗು ಬರುತ್ತದೆ. ಅವರ ಗಾಡಿ ಜಾರದಂತೆ ತಡೆಯುವ ಇಎಸ್‌ಪಿ ಕೂಡ ಸರಳು ಇರುವ ಗಾಡಿಯನ್ನು ಲೆಕ್ಕಕ್ಕೆ ಇಟ್ಟುಕೊಂಡೇ ತಯಾರಾದದ್ದು.

ಕಾನೂನಿನ ವಿಷಯ ಸಂಕ್ಷೇಪವಾಗಿ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿನ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಸ್ವೇ ಬಾರ್ ಆರ್‌ಸಿಯಲ್ಲಿ ಬರೆದಿರುವ ವಸ್ತುವಲ್ಲ, ಚೆಕ್‌ಪೋಸ್ಟಿನಲ್ಲಿ ಯಾರೂ ಗಾಡಿ ಕೆಳಗೆ ಬಗ್ಗಿ ನೋಡುವುದಿಲ್ಲ. ಅಪಘಾತದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಬಗ್ಗಿ ನೋಡುತ್ತಾನೆ.

ನಾಯಿಯ ಪ್ರಸಂಗದ ಬಳಿಕ ಗೆಳೆಯ ಒಂದು ಪದ್ಧತಿ ಮಾಡಿಕೊಂಡಿದ್ದಾನೆ. ತೋಟದ ಕೆಲಸದ ದಿನಗಳಲ್ಲಿ ಸರಳು ಗೋಡೆಯ ಮೇಲೆ, ಗಾಡಿ ಗೇಟು ದಾಟುವಂತಿಲ್ಲ. ಹಾಸನಕ್ಕೋ ಮಂಗಳೂರಿಗೋ ಹೊರಡುವ ಹಿಂದಿನ ಸಂಜೆ ರೈನ್‌ಕೋಟ್ ತೆಗೆದು ಸರಳನ್ನು ಗಾಡಿಗೆ ಕಟ್ಟುತ್ತಾನೆ. ಅವನ ಹೆಂಡತಿ ಬೆಳಿಗ್ಗೆ ಷೆಡ್ಡಿನ ಗೋಡೆ ನೋಡಿಯೇ ಅವನು ಊರಿಗೆ ಹೊರಟಿದ್ದಾನೋ ಇಲ್ಲವೋ ಹೇಳಬಲ್ಲಳು.

ಬಿಚ್ಚುವುದಕ್ಕಿಂತ ಕಟ್ಟುವುದು ಕಷ್ಟ ಎಂದು ನನಗೆ ತಿಳಿದದ್ದು ಕಳೆದ ಡಿಸೆಂಬರಿನಲ್ಲಿ. ಗಾಡಿ ಸಮತಟ್ಟು ನೆಲದ ಮೇಲಿರಬೇಕು, ಇಲ್ಲದಿದ್ದರೆ ಒಂದು ತೋಳು ಕೂತರೆ ಇನ್ನೊಂದು ಕೂರದು. ಸಮತಟ್ಟಾಗಿದ್ದರೂ ಸವೆದ ಬುಷ್ಷು ಒಂದು ಕಡೆ ಬೆರಳಷ್ಟು ಮೇಲೆ ನಿಲ್ಲುತ್ತದೆ. ಕೆಳಗೆ ಮಲಗಿದ್ದವನು ‘ಬಲಗಡೆ ಬಂಪರ್ ಮೇಲೆ ಕೂತ್ಕೋ’ ಎಂದ. ಕೂತೆ. ‘ಇನ್ನೂ ಸ್ವಲ್ಪ ತುದೀಗೆ.’ ಸರಿದೆ. ಬೋಲ್ಟು ಒಳಕ್ಕೆ ಹೋದ ಸದ್ದು ಕೇಳಿತು. ಅವತ್ತು ಅವನು ನನ್ನನ್ನು ಹಾಸನದವರೆಗೆ ಕರೆದುಕೊಂಡು ಹೋಗಿ ಊಟ ಕೊಡಿಸಿದ. ಹೋದ ವಾರ ಮತ್ತೆ ಫೋನ್ ಮಾಡಿ, ಶನಿವಾರ ಮಂಗಳೂರಿಗೆ ಹೊರಟಿದ್ದೇನೆ, ಶುಕ್ರವಾರ ಸಂಜೆ ಬಂದುಬಿಡು ಅಂದ. ನನ್ನ ತೂಕ ಈಗ ಎಪ್ಪತ್ತೆಂಟು ಕಿಲೋ. ಕಡಿಮೆ ಮಾಡಬೇಡ ಎಂದಿದ್ದಾನೆ.